ಭದ್ರದ ಬಾಗಿಲು, ಶರಂಕುತ್ತಿಯ ಬಾಣ

ಸ್ವಾಮಿಯೇ ಶರಣಂ ಅಯ್ಯಪ್ಪ.

ಈ ವಾರ ವ್ರತದ ಊಟ, ಸ್ನಾನದ ನಿಯಮಗಳ ಬಗ್ಗೆ ಬರೆಯಬೇಕು ಅಂದುಕೊಂಡಿದ್ದೆ. ಅದನ್ನು ಮುಂದಿನ ವಾರಕ್ಕೆ ಇಡುತ್ತೇನೆ. ಸೂರತ್ತಿನಲ್ಲಿ ಕೆಲಸಕ್ಕಿರುವ ನಮ್ಮ ಹುಬ್ಬಳ್ಳಿ ಕಡೆಯ ಕನ್ನಿಸ್ವಾಮಿಯೊಬ್ಬರು ಎರಡು ಪ್ರಶ್ನೆ ಕಳಿಸಿದ್ದಾರೆ. ಮೊದಲನೆಯದು: "ಗುರುಸ್ವಾಮಿ, ಮಹಿಷಿ, ಮಾಳಿಗಪುರತ್ತಮ್ಮ, ಇದೆಲ್ಲ ನಿಜವಾಗಿ ನಡೆದದ್ದಾ, ಇಲ್ಲ ಬರೀ ಕಥೆನಾ?" ಎರಡನೆಯದು: "ಎರುಮೇಲಿಯಲ್ಲಿ ವಾವರ ಮಸೀದಿಗೆ ಹೋಗಲೇಬೇಕಾ? ರೂಮಿನವರು ಬೇಡ ಅಂತಿದ್ದಾರೆ. ನೇರ ಪಂಪೆಗೆ ಹೋದ್ರೆ ಆಗಲ್ವಾ?"

ಕೇಳಿದ್ದು ಒಳ್ಳೆಯದಾಯಿತು. ಮನಸ್ಸಿನಲ್ಲಿ ಇಟ್ಟುಕೊಂಡು ಬೆಟ್ಟ ಹತ್ತಿದರೆ ಇರುಮುಡಿಗಿಂತ ಅದೇ ಭಾರ.

ನಾನು ಕೆಲಸದ ಮೇಲೆ ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರುಗಳಲ್ಲಿ ಇದ್ದವನು. ಹಾಗಾಗಿ ಆ ಸ್ವಾಮಿಗೆ ಅವರ ಕಣ್ಣೆದುರಿನ ಊರುಗಳಿಂದಲೇ ಉತ್ತರ ಹೇಳುತ್ತೇನೆ.

ನವರಾತ್ರಿಯಲ್ಲಿ ಗುಜರಾತಿನ ಬೀದಿ ಬೀದಿಯಲ್ಲಿ ಗರ್ಬಾ ನೋಡಿದ್ದೀರಿ. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಡಿಜೆ, ಲೈಟು, ಚಣಿಯಾ ಚೋಳಿ ಎಲ್ಲದರ ನಡುವೆ ಒಂದು ತೂತು ತೂತಿನ ಮಣ್ಣಿನ ಗಡಿಗೆ, ಒಳಗೊಂದು ದೀಪ ಇರುತ್ತದೆ. ಅದೇ ಗರ್ಬೋ. ಗರ್ಭದೊಳಗಿನ ದೀಪ ಅಂತ ಅರ್ಥ. ತಾಯಿ ಮಹಿಷಾಸುರನನ್ನು ಕೊಂದ ಒಂಬತ್ತು ರಾತ್ರಿಗಳ ಕುಣಿತ ಅದು. ನಮ್ಮಲ್ಲಿ ಅದೇ ತಾಯಿ ಚಾಮುಂಡಿ, ಆ ಮಹಿಷನ ಹೆಸರಿನಲ್ಲೇ ಮೈಸೂರು. ದಸರಾ ಮುಗಿದ ಮೇಲೆ ಗುಜರಾತಿನವರು ದೀಪಾವಳಿಗೆ ತಯಾರಾಗುತ್ತಾರೆ, ನಾವು ಬೊಂಬೆ ತೆಗೆದಿಡುತ್ತೇವೆ. ಆದರೆ ಕಥೆ ಅಲ್ಲಿಗೆ ಮುಗಿದಿಲ್ಲ. ಮಹಿಷನಿಗೊಬ್ಬಳು ತಂಗಿ ಇದ್ದಳಲ್ಲ! ಅಣ್ಣನ ಸೇಡಿಗೆ ತಪಸ್ಸು ಮಾಡಿ, ಹರಿಹರರಿಬ್ಬರಿಗೂ ಹುಟ್ಟಿದ ಮಗನಿಂದ ಮಾತ್ರ ಸಾವು ಎಂದು ವರ ಪಡೆದಳು. ಅಂಥ ಮಗು ಹುಟ್ಟೋದೇ ಇಲ್ಲ ಅನ್ನೋ ಧೈರ್ಯ ಅವಳಿಗೆ. ಮುಂದಿನದು ನಿಮಗೆ ಗೊತ್ತು. ಎರುಮ ಅಂದರೆ ಮಲಯಾಳದಲ್ಲಿ ಎಮ್ಮೆ, ಎರುಮೇಲಿ ಹೆಸರು ಬಂದದ್ದೇ ಅದರಿಂದ ಅನ್ನುತ್ತಾರೆ. ನಾವು ಮೈಗೆ ಬಣ್ಣ ಬಳಿದುಕೊಂಡು ಪೇಟೆ ತುಳ್ಳುವುದು ಮಹಿಷಿಯನ್ನು ಕೊಂದ ಸಂಭ್ರಮಕ್ಕೆ. ವಡೋದರಾದ ಮೈದಾನದಲ್ಲಿ ಗರ್ಬಾ ಸುತ್ತುವ ಹುಡುಗಿಗೆ ಶಬರಿಮಲೆ ಗೊತ್ತಿರಲಿಕ್ಕಿಲ್ಲ. ಆದರೂ ಅವಳು ಅಕ್ಟೋಬರಿನಲ್ಲಿ ಕುಣಿದು ನಿಲ್ಲಿಸಿದ ಕಥೆಯನ್ನು ನವೆಂಬರಿನಲ್ಲಿ ಮಾಲೆ ಹಾಕಿ ಮುಂದುವರಿಸುವವರು ನೀವು.

ಸೂರತ್ತಿನಲ್ಲೇ ಇರುವ ಸ್ವಾಮಿ ಒಂದು ಭಾನುವಾರ ತಾಪಿ ದಡದ ಅಶ್ವಿನಿಕುಮಾರ ಘಾಟಿಗೆ ಹೋಗಿ ಬನ್ನಿ. ಅಲ್ಲಿ ಮೂರೆಲೆಯ ಆಲ ಅಂತ ತೋರಿಸುತ್ತಾರೆ. ಯಾರನ್ನೂ ಸುಡದ ನೆಲದಲ್ಲಿ ತನ್ನನ್ನು ಸುಡಬೇಕು ಅಂತ ಕರ್ಣ ಕೇಳಿಕೊಂಡಿದ್ದ, ಕೃಷ್ಣ ಆ ನೆಲ ಹುಡುಕಿದ್ದು ಇಲ್ಲಿ ಅನ್ನುವುದು ಅಲ್ಲಿಯವರ ನಂಬಿಕೆ. ತಾಪಿ ಸೂರ್ಯನ ಮಗಳು, ಕರ್ಣ ಸೂರ್ಯನ ಮಗ. ಬದುಕಿದ್ದಾಗ ತಮ್ಮಂದಿರು ತಮ್ಮವನು ಅನ್ನಲಿಲ್ಲ, ಕೊನೆಗೆ ತಂಗಿಯ ಮಡಿಲಾದರೂ ಸಿಕ್ಕಿತು. ಕುರುಕ್ಷೇತ್ರ ಎಲ್ಲಿ, ಸೂರತ್ ಎಲ್ಲಿ ಅಂತ ಮ್ಯಾಪ್ ತೆಗೆಯಬೇಡಿ. ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ಅರ್ಜುನನನ್ನು ನಾಯಕ ಮಾಡಿ ಬರೆದ ಪಂಪನ ಮನಸ್ಸು ಕೂಡ ಕರ್ಣನಿಗೇ ಕರಗಿತು. ಅನ್ಯಾಯವಾದವನಿಗೆ ಒಂದು ಗೇಣು ಜಾಗ ಕೊಡಬೇಕು ಅನ್ನೋ ಸಂಕಟ ತಾಪಿಯ ದಡದವರಿಗೂ ಬಂತು, ಪಂಪನಿಗೂ ಬಂತು.

ವಡೋದರಾದ ಬಗ್ಗೆ ಒಂದೇ ಮಾತು. ಕೇರಳದ ಕಿಳಿಮಾನೂರಿನ ರಾಜಾ ರವಿವರ್ಮ ಮಹಾರಾಜ ಸಯಾಜಿರಾವ್ ಅವರಿಗಾಗಿ ಪುರಾಣದ ಚಿತ್ರಗಳನ್ನು ಬರೆದರು. ಆಮೇಲೆ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದರು. ಕಮಲದ ಮೇಲೆ ನಿಂತ ಅವರ ಲಕ್ಷ್ಮಿ ನಮ್ಮ ಅಜ್ಜಿಯರ ದೇವರಕೋಣೆ, ಕಿರಾಣಿ ಅಂಗಡಿಯ ಗೋಡೆವರೆಗೆ ಬಂದಳು. ಇವತ್ತು ಲಕ್ಷ್ಮಿ ಅಂದಾಗ ನಿಮ್ಮ ಕಣ್ಣಿಗೆ ಬರುವ ಮುಖ ಬಹುಪಾಲು ಅದೇ.

ಈಗ ಆ ಲಕ್ಷ್ಮಿಯದೇ ಕಥೆ. ಇದನ್ನು ನಿಧಾನವಾಗಿ ಓದಿ.

1411ರಲ್ಲಿ ಸುಲ್ತಾನ ಅಹಮದ್ ಶಾ ಕಟ್ಟಿದ ಊರು ಅಹಮದಾಬಾದ್. ಅದರ ಕೋಟೆ ಭದ್ರ. ಒಂದು ರಾತ್ರಿ ಕೋಟೆಯ ಬಾಗಿಲಿಗೆ ಒಬ್ಬ ಹೆಂಗಸು ಬಂದಳಂತೆ, ಊರು ಬಿಟ್ಟು ಹೊರಟವಳು. ಕಾವಲಿದ್ದವನು ಖ್ವಾಜಾ ಸಿದ್ದೀಕ್ ಕೊತ್ವಾಲ. ಮುಖ ನೋಡಿದ ಕೂಡಲೇ ಇವಳು ಲಕ್ಷ್ಮಿ ಎಂದು ಗುರುತು ಹಿಡಿದ. ತಡೆಯುವ ಅಧಿಕಾರ ಅವನಿಗಿಲ್ಲ, ಬಿಟ್ಟರೆ ಊರೇ ಬರಿದು. "ಸುಲ್ತಾನರ ಅಪ್ಪಣೆ ತರುತ್ತೇನೆ, ನಾನು ಬರುವ ತನಕ ಹೋಗಬೇಡ ತಾಯಿ" ಅಂತ ಬೇಡಿಕೊಂಡ. ಆಕೆ ಒಪ್ಪಿದಳು. ಅವನು ಅರಮನೆಗೆ ಹೋಗಿ ಸುದ್ದಿ ಮುಟ್ಟಿಸಿ ತನ್ನ ತಲೆಯನ್ನೇ ಕೊಟ್ಟ. ಅವನು ಹಿಂತಿರುಗುವುದಿಲ್ಲ, ಕೊಟ್ಟ ಮಾತಿಗೆ ಕಟ್ಟುಬಿದ್ದ ತಾಯಿ ಹೋಗುವುದಿಲ್ಲ. ಭದ್ರದ ಬಾಗಿಲ ಹತ್ತಿರ ಸಿದ್ದೀಕನ ಗೋರಿ ಇದೆ, ಭದ್ರಕಾಳಿಯ ಗುಡಿ ಇದೆ. ಆ ಬಾಗಿಲ ಗೂಡಿನಲ್ಲಿ ಲಕ್ಷ್ಮಿಯ ಹೆಸರಿಗೆ ಹಚ್ಚುವ ದೀಪವನ್ನು ತಲೆತಲಾಂತರದಿಂದ ನೋಡಿಕೊಂಡು ಬಂದವರು ಒಂದು ಮುಸ್ಲಿಂ ಮನೆತನದವರು.

ಈ ಕಥೆ ಮೊದಲ ಸಲ ಕೇಳಿದಾಗ ನನಗೆ ಬೆಂಗಳೂರಿನ ಕೋಟೆ ಬಾಗಿಲಿಗೆ ಪ್ರಾಣ ಕೊಟ್ಟ ಕೆಂಪೇಗೌಡರ ಸೊಸೆ ಲಕ್ಷ್ಮೀದೇವಿ ನೆನಪಾದಳು. ಊರು ನಿಲ್ಲಬೇಕಾದರೆ ಯಾರೋ ಒಬ್ಬರು ಬಾಗಿಲಲ್ಲಿ ತಮ್ಮನ್ನು ಕೊಟ್ಟುಕೊಂಡಿರಬೇಕು ಅಂತ ಎರಡೂ ಕಡೆಯ ಜನಕ್ಕೆ ಅನ್ನಿಸಿದೆ. ಸ್ವಲ್ಪ ಯೋಚಿಸಿದ ಮೇಲೆ ನೆನಪಾದವಳು ಮಾಳಿಗಪುರತ್ತಮ್ಮ.

ಸ್ವಾಮಿಯ ಕೈಯಲ್ಲಿ ಸತ್ತ ಮಹಿಷಿ ಶಾಪ ಕಳೆದು ಹೆಣ್ಣಾಗಿ ಎದ್ದಳು. ಮದುವೆಯಾಗು ಅಂದಳು. ಸ್ವಾಮಿ ಬ್ರಹ್ಮಚಾರಿ. ಆದರೆ ಬೇಡ ಹೋಗು ಅಂತ ದೂಡಲಿಲ್ಲ. ಯಾವ ವರ್ಷ ನನ್ನ ಬೆಟ್ಟಕ್ಕೆ ಒಬ್ಬ ಕನ್ನಿಸ್ವಾಮಿಯೂ ಬರುವುದಿಲ್ಲವೋ ಆ ವರ್ಷ ಆಗುತ್ತೇನೆ ಅಂದ, ತನ್ನ ಎಡಕ್ಕೆ ಜಾಗವನ್ನೂ ಕೊಟ್ಟ. ಅಹಮದಾಬಾದಿನಲ್ಲಿ ಒಬ್ಬ ತಾಯಿ ಮಾತಿಗಾಗಿ ಕಾಯುತ್ತಿದ್ದಾಳೆ, ಶಬರಿಮಲೆಯಲ್ಲಿ ಒಬ್ಬಳು ಕಾಯುತ್ತಿದ್ದಾಳೆ. ಗ್ರೀಕರಲ್ಲೂ ಪೆನೆಲೊಪೆ ಅನ್ನುವವಳು ಇಪ್ಪತ್ತು ವರ್ಷ ಗಂಡನಿಗೆ ಕಾದಳು. ಬೇರೆ ಮದುವೆಯ ಕಾಟ ತಪ್ಪಿಸಲು ಹಗಲು ನೇಯ್ದದ್ದನ್ನು ರಾತ್ರಿ ಬಿಚ್ಚುತ್ತಿದ್ದಳು. ಅವಳ ಗಂಡ ಬಂದ, ಅಲ್ಲಿಗೆ ಆ ಕಥೆ ಮುಗಿಯಿತು. ನಮ್ಮ ಅಮ್ಮನದು ಮುಗಿದಿಲ್ಲ.

ಅದಕ್ಕೇ ಕನ್ನಿಸ್ವಾಮಿ, ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದು. ನಡೆದಿತ್ತಾ ಅಂತ ಇಸವಿ ಹುಡುಕಬೇಡಿ, ನಡೆಯುತ್ತಿದೆಯಾ ನೋಡಿ. ಭದ್ರದಲ್ಲಿ ಇವತ್ತು ದೀಪಕ್ಕೆ ಎಣ್ಣೆ ಹಾಕುವ ಕೈ ಇದೆ. ಶರಂಕುತ್ತಿಯಲ್ಲಿ ಈ ವರ್ಷ ಬಾಣ ಚುಚ್ಚುವ ಕೈ ನಿಮ್ಮದು.

ಎರಡನೆಯ ಪ್ರಶ್ನೆ. ವಾವರ ಸ್ವಾಮಿ ಯಾರು ಅನ್ನೋದಕ್ಕೆ ಹಲವು ಕಥೆ. ಕಡಲಿನಿಂದ ದೋಚಲು ಬಂದವನು ಅನ್ನುತ್ತಾರೆ, ಯೋಧ ಅನ್ನುತ್ತಾರೆ. ಎಲ್ಲ ಕಥೆಯೂ ಅವನು ಅಯ್ಯಪ್ಪನ ಗೆಳೆಯ ಅನ್ನುವಲ್ಲಿ ಸೇರುತ್ತವೆ. ಎರುಮೇಲಿಯಲ್ಲಿ ಮಾತ್ರವಲ್ಲ, ಸನ್ನಿಧಾನದಲ್ಲೂ ಅವನಿಗೆ ಜಾಗವಿದೆ. ಆ ಜಾಗ ಕೊಟ್ಟವನು ಸ್ವಾಮಿಯೇ ಎಂದು ನಂಬಿ ನಡೆಯುವವರು ನಾವು. ಗೆಳೆಯನ ಮನೆ ಮುಂದಿನಿಂದ ಮುಖ ತಿರುಗಿಸಿಕೊಂಡು ಬಂದವನನ್ನು ಮನೆಯ ಯಜಮಾನ ಹೇಗೆ ನೋಡಿಯಾನು? ರೂಮಿನವರ ಜೊತೆ ಜಗಳ ಬೇಡ, ವ್ರತದಲ್ಲಿದ್ದೀರಿ. ಅವರನ್ನು ಒಂದು ದಿನ ಅಹಮದಾಬಾದಿಗೆ ಕರೆದುಕೊಂಡು ಹೋಗಿ, ಭದ್ರದ ಬಾಗಿಲು ತೋರಿಸಿ, ಚಹಾ ಕುಡಿಸಿ, ಸಿದ್ದೀಕನ ಕಥೆ ಹೇಳಿ. ನಮ್ಮ ಗುಂಪು ಎರುಮೇಲಿಯಲ್ಲಿ ವಾವರ ಸ್ವಾಮಿಗೆ ಪ್ರದಕ್ಷಿಣೆ ಮಾಡಿ, ಕಾಣಿಕೆ ಹಾಕಿಯೇ ಹೊರಡುತ್ತದೆ. ನೀವು ನನ್ನ ಪಕ್ಕದಲ್ಲೇ ಇರಿ.

ಬಾಣವನ್ನು ಎರುಮೇಲಿಯಲ್ಲಿ ಕೊಳ್ಳುತ್ತೇವೆ. ಅಳುದಾ ನದಿಯಲ್ಲಿ ಮುಳುಗಿ ಒಂದು ಕಲ್ಲು ಎತ್ತಿಕೊಳ್ಳಿ, ಕಲ್ಲಿಡುಂಕುನ್ನಿನಲ್ಲಿ ಹಾಕುವುದಕ್ಕೆ. ಪಂಪೆ ದಾಟಿ ಬೆಟ್ಟ ಹತ್ತುವಾಗ ಸುಸ್ತಾಗಿರುತ್ತದೆ, ಶರಂಕುತ್ತಿಯಲ್ಲಿ ನೂಕುನುಗ್ಗಲು ಬೇರೆ. ಬಾಣ ಎಲ್ಲೋ ಎಸೆದು ಓಡಬೇಡಿ. ನಿಂತು, ಶರಣು ಕೂಗಿ, ಚುಚ್ಚಿ. ಮಕರಜ್ಯೋತಿಯಾದ ಮೇಲೆ ಅಮ್ಮನ ಮೆರವಣಿಗೆ ವಾದ್ಯ ಸಮೇತ ಅಲ್ಲಿಗೆ ಬರುತ್ತದೆ, ಈ ವರ್ಷವಾದರೂ ಯಾರೂ ಬಂದಿಲ್ಲವೇನೋ ಅಂತ ನೋಡುವುದಕ್ಕೆ. ಅಲ್ಲಿ ನಿಮ್ಮ ಬಾಣ ಇರುತ್ತದೆ. ಅಮ್ಮ ಸದ್ದಿಲ್ಲದೆ ಹಿಂತಿರುಗುತ್ತಾಳೆ.

ಸ್ವಾಮಿಯೇ ಶರಣಂ ಅಯ್ಯಪ್ಪ. ಮಾಳಿಗಪುರತ್ತಮ್ಮ ದೇವಿಯೇ ಶರಣಂ ಅಯ್ಯಪ್ಪ. ವಾವರ ಸ್ವಾಮಿಯೇ ಶರಣಂ ಅಯ್ಯಪ್ಪ.