ಬರಿದಾದ ಗುಳಿ

(ಲೂಕನ ಸುವಾರ್ತೆಯ 15ನೇ ಅಧ್ಯಾಯದ 8ರಿಂದ 10ನೇ ವಚನಗಳನ್ನು ಮೊದಲು ಓದಿಕೊಳ್ಳಿರಿ.)



ಕಕ್ಕೇರಾ, ಸುರಪುರ ಸೀಮೆಯು 1948ನೇ ಇಸವಿಯ ವರೆಗೆ ನಿಜಾಮರ ಆಳಿಕೆಯಲ್ಲಿತ್ತೆಂದು ಹಿರಿಯರಿಂದ ಕೇಳಿದ್ದೀರಿ. ಆ ಕಾಲದಲ್ಲಿ ಇಲ್ಲಿ ಹಾಲಿ ಸಿಕ್ಕಾ ನಡೆಯುತ್ತಿತ್ತು. ಅದರ ಬೆಳ್ಳಿಯ ರೂಪಾಯಿಯ ಮೇಲೆ ಚಾರ್ಮಿನಾರಿನ ಮುದ್ರೆಯಿತ್ತು. ಅಂಥ ಏಳು ರೂಪಾಯಿಗಳು ಆರು ಕಲ್ದಾರ ರೂಪಾಯಿಗಳಿಗೆ ಸಮ. 1959ರಲ್ಲಿ ಆ ನಾಣ್ಯವು ರದ್ದಾಯಿತು. 1957ರ ಏಪ್ರಿಲ್ 1ರಂದು ಹೊಸ ಪೈಸೆಯ ಲೆಕ್ಕವು ಬಂದಿತು. ಅದರಲ್ಲಿಯೂ 25 ಪೈಸೆ ಮತ್ತು ಅದಕ್ಕಿಂತ ಕಿರಿಯ ನಾಣ್ಯಗಳು 2011ರ ಜೂನ್ 30ರಿಂದ ಸಲ್ಲದೆಹೋದವು. ಸಂತೆಯ ರೀತಿಯೇ ಹೀಗೆ. ಇಂದು ಬೇಕೆಂದದ್ದನ್ನು ನಾಳೆ ಬೇಡವೆನ್ನುತ್ತದೆ.

ಆದರೂ ಸಂತೆಗೆ ಬೇಡವಾದ ಚಿಲ್ಲರೆಯನ್ನು ಪ್ರೀತಿಯಿಂದ ಕೂಡಿಸಿಡುವವರು ಎಲ್ಲಾ ದೇಶಗಳಲ್ಲಿಯೂ ಉಂಟು. ಅಮೇರಿಕದ ಅತಿ ಕಿರಿಯ ನಾಣ್ಯವು ಒಂದು ಸೆಂಟು. 1909ರಿಂದ ಅದರ ಮೇಲೆ ಅಧ್ಯಕ್ಷರಾಗಿದ್ದ ಅಬ್ರಹಾಂ ಲಿಂಕನ್ನರ ಮುಖವಿದೆ. ಅದನ್ನು ಕೂಡಿಸುವವನು ದಪ್ಪ ರಟ್ಟಿನಲ್ಲಿ ಇಸವಿಯ ಪ್ರಕಾರ ಕೊರೆದಿರುವ ಗುಳಿಗಳಲ್ಲಿ ಒಂದೊಂದನ್ನೇ ಇಡುತ್ತಾನೆ. ತುಂಬಿದ ಗುಳಿಗಳು ಎಷ್ಟಿದ್ದರೂ ಅವನ ಕಣ್ಣು ಬರಿದಾದ ಒಂದೇ ಗುಳಿಯ ಮೇಲೆ ನಿಲ್ಲುವದು. ಅದಕ್ಕಾಗಿ ಅಂಗಡಿಯಲ್ಲಿ ಸಿಕ್ಕ ಚಿಲ್ಲರೆಯನ್ನೆಲ್ಲಾ ತಿರುವಿ ನೋಡುತ್ತಾನೆ. ಸಿಕ್ಕದ್ದು ಸವಕಲಾಗಿದ್ದರೂ ಬಿಸಾಡುವದಿಲ್ಲ. ಇಸವಿಯು ಓದಲಿಕ್ಕೆ ಬಂದರೆ ಅದಕ್ಕೆ ಸ್ಥಳವುಂಟು.

ನಮ್ಮ ಕರ್ತನು ಹೇಳಿದ ಸಾಮ್ಯದ ಹೆಂಗಸಿಗೂ ಇದೇ ಚಿಂತೆ. ಒಂಭತ್ತು ಪಾವಲಿಗಳು ಕೈಯಲ್ಲಿವೆ. ಆದರೂ ದೀಪ ಹಚ್ಚಿ ಮನೆ ಗುಡಿಸುತ್ತಾಳೆ. ಇಲ್ಲೊಂದು ಮಾತನ್ನು ಗಮನಿಸಿರಿ. ಕುರಿಯಾದರೆ ಅರಚೀತು, ಮಗನಾದರೆ ತಾನೇ ಎದ್ದು ಬಂದಾನು. ಪಾವಲಿಯಾದರೋ ತಾನು ಕಳೆದುಹೋಗಿರುವದನ್ನೇ ಅರಿಯದು. ಹುಡುಕುವವರು ಇಲ್ಲದಿದ್ದರೆ ಅದು ಮನೆಯೊಳಗೇ ಮಣ್ಣುಪಾಲು.

ಪ್ರಿಯರೇ, ನಮ್ಮ ಸಭೆಯ ಚಾಪೆಯ ಮೇಲೆ ಬರಿದಾದ ಸ್ಥಳಗಳೆಷ್ಟು? ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋದ ಕುಟುಂಬವುಂಟು. ಕುಡಿತಕ್ಕೆ ಬಿದ್ದು ನಾಚಿಕೆಯಿಂದ ಬಾರದವನುಂಟು. ಊರಲ್ಲೇ ಇದ್ದರೂ ಯಾರೂ ವಿಚಾರಿಸದ ಮುದುಕಿಯುಂಟು. ಬಂದವರೇ ಸಾಕೆಂದು ನಾವು ಎಣಿಸುವದನ್ನು ಬಿಟ್ಟಿದ್ದೇವೋ? ಲೋಕವು ಇವರನ್ನು ಸಲ್ಲದ ಕಾಸೆಂದು ತಳ್ಳಬಹುದು. ಆದರೆ ಇವರ ಮೇಲೆ ಇರುವದು ಯಾವ ಅರಸನ ಮುದ್ರೆಯೂ ಅಲ್ಲ, ದೇವರ ಸ್ವರೂಪವೇ. ಬಡತನವೂ ಪಾಪವೂ ಅದನ್ನು ಎಷ್ಟು ಸವೆಯಿಸಿದರೂ ಒಡೆಯನು ತನ್ನದನ್ನು ಗುರುತಿಸುವನು; ಅದನ್ನು ರದ್ದುಮಾಡುವ ಅಧಿಕಾರವು ಯಾರಿಗೂ ಇಲ್ಲ.

ಆದಕಾರಣ ಬರುವ ಭಾನುವಾರದ ಆರಾಧನೆ ಮುಗಿದ ಮೇಲೆ ಬಾರದವರ ಹೆಸರುಗಳನ್ನು ಒಬ್ಬೊಬ್ಬರದಾಗಿ ನೆನಪಿಗೆ ತಂದುಕೊಳ್ಳಿರಿ. ಸಮೀಪದಲ್ಲಿರುವವರ ಮನೆಗೆ ಹೋಗಿರಿ. ದೂರದಲ್ಲಿರುವವರಿಗೆ ಮಾತು ಮುಟ್ಟಿಸಿರಿ. ಗದರಿಸುವದಕ್ಕಲ್ಲ, ನಿಮ್ಮ ಸ್ಥಳವು ಇನ್ನೂ ಬರಿದಾಗಿಯೇ ಇದೆ ಎಂದು ತಿಳಿಸುವದಕ್ಕೆ. ಒಬ್ಬನು ಸಿಕ್ಕಿದರೂ ಪರಲೋಕದಲ್ಲಿ ಸಂತೋಷವಾಗುವದು. ಆಮೆನ್.