ಕೊಟ್ಟರೂ ಉಳಿಯುವ ವಸ್ತು

ನಮ್ಮೂರ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಪುಟ್ಟ ಡಿ.ಟಿ.ಪಿ. ಅಂಗಡಿ. ಮದುವೆ, ಗೃಹಪ್ರವೇಶ, ನಾಮಕರಣ, ಕೊನೆಗೆ ವೈಕುಂಠ ಸಮಾರಾಧನೆ, ಊರವರ ಸುಖದುಃಖವೆಲ್ಲ ನನ್ನ ಕಂಪ್ಯೂಟರಿನ ಮೂಲಕ ಹಾದುಹೋಗುತ್ತದೆ. ಅದು ಸುಸ್ತಾಯಿತೆಂದು ಕಳೆದ ವರ್ಷ ಹೊಸದನ್ನು ತಂದೆ. ಎಂಟು ವರ್ಷ ನನ್ನ ಜೊತೆ ದುಡಿದ ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೊರಟಿದ್ದಳು. ಅಲ್ಲಿ ತಾನೂ ಅಂಗಡಿ ತೆರೆಯುವ ಆಸೆ ಅವಳಿಗೆ. "ಹಳೆಯದನ್ನು ನೀನೇ ತೆಗೆದುಕೊಂಡು ಹೋಗು" ಎಂದೆ. ಮುಖ ಅರಳಿತು. "ಒಳಗಿರೋದೆಲ್ಲ ಹಾಗೇ ಇರಲಿ ಅಕ್ಕಾ" ಎಂದಳು.

ತೊಡಕು ಅಲ್ಲೇ ಇತ್ತು. ಪುಟ ಜೋಡಿಸುವ ತಂತ್ರಾಂಶವನ್ನು ನಾನು ಅಪ್‌ಗ್ರೇಡ್ ದರದಲ್ಲಿ ಕೊಂಡಿದ್ದೆ. ಹಳೆಯ ಜರಿ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುತ್ತಿದ್ದೆವಲ್ಲ, ಹಾಗೆ. ಹಳೆಯ ಆವೃತ್ತಿ ಇದ್ದವರಿಗೆ ಹೊಸದು ಅಗ್ಗ. ಆದರೆ ಹಳೆಯದನ್ನು ಬೇರೆಯವರಿಗೆ ಕೊಡುವಂತಿಲ್ಲ. ಹೊಸದು ಒಂದು ಸಲಕ್ಕೆ ಒಂದೇ ಕಂಪ್ಯೂಟರಿನಲ್ಲಿ ಇರಬೇಕು. ಪರವಾನಗಿ ನನ್ನ ಹೊಸ ಯಂತ್ರಕ್ಕೆ ಬರಬೇಕಾದರೆ ಹಳೆಯದರಿಂದ ಕಳಚಲೇಬೇಕು. ಕಳಚಿದರೆ ಹುಡುಗಿಗೆ ಸಿಗುವುದು ಬರಿಯ ಡಬ್ಬ.

"ಯಾರಿಗೆ ಗೊತ್ತಾಗುತ್ತೆ ಮೇಡಂ?" ಎಂದ ರಿಪೇರಿಯವನು. ನನಗೂ ಹಾಗೆ ಅನ್ನಿಸದೆ ಇರಲಿಲ್ಲ. ಪಕ್ಕದ ಮನೆಯವರಿಗೆ ಒಂದು ಚಮಚ ಹೆಪ್ಪು ಕೊಟ್ಟರೆ ನಮ್ಮ ಮೊಸರೇನು ಕಡಿಮೆಯಾಗುತ್ತದೆಯೇ? ಕೊಟ್ಟರೂ ಉಳಿಯುವ ವಸ್ತುವನ್ನು ಕೊಡಬೇಡ ಎನ್ನುವುದು ಯಾವ ನ್ಯಾಯ?

ಇದನ್ನು ಕೋರ್ಟುಗಳೂ ಬಗೆದು ನೋಡಿವೆ. ಅಮೆರಿಕದ ವಾಸ್ತುಶಿಲ್ಪಿಗಳ ಕಚೇರಿಯೊಂದು ಹಳೆಯ ಆಟೋಕ್ಯಾಡ್ ಇದ್ದುದರಿಂದ 3,750 ಡಾಲರಿನ ಹೊಸದನ್ನು 495ಕ್ಕೇ ಪಡೆದು, ನಾಶಮಾಡಬೇಕಿದ್ದ ಹಳೆಯ ಪ್ರತಿಗಳನ್ನು ಮಾರಿಬಿಟ್ಟಿತು. ಅವರು ಅದರ ಒಡೆಯರೇ ಅಲ್ಲ, ಬಳಸಲು ಅನುಮತಿ ಪಡೆದವರಷ್ಟೆ ಎಂದು 2010ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. 2012ರಲ್ಲಿ ಯುರೋಪಿನ ನ್ಯಾಯಾಲಯ ಬೇರೊಂದು ಮೊಕದ್ದಮೆಯಲ್ಲಿ, ಶಾಶ್ವತ ಪರವಾನಗಿಯ ತಂತ್ರಾಂಶವನ್ನು ಮತ್ತೆ ಮಾರಬಹುದು ಎಂದಿತು. ಆದರೆ ಮಾರಿದವನ ಬಳಿ ಇರುವ ಪ್ರತಿ ಕೆಲಸಕ್ಕೆ ಬಾರದಂತಾಗಬೇಕು. ಒಡೆತನದ ವಿಷಯದಲ್ಲಿ ಎರಡೂ ತೀರ್ಪುಗಳ ದಾರಿ ಬೇರೆ. ಆದರೆ ಕೊಟ್ಟೂ ಇಟ್ಟುಕೊಳ್ಳುವುದಕ್ಕೆ ಎರಡರಲ್ಲೂ ಜಾಗವಿಲ್ಲ.

ಕಾನೂನು ಹಾಗಿರಲಿ. ಆ ಷರತ್ತುಗಳನ್ನು ನಾನು ಓದಿಯೇ ಇರಲಿಲ್ಲ. ಎಲ್ಲರಂತೆ "ಒಪ್ಪಿದ್ದೇನೆ" ಎಂದು ಒತ್ತಿದ್ದೆ. ಓದದೆ ಕೊಟ್ಟ ಮಾತು ಮಾತೇ? ಎರಡು ರಾತ್ರಿ ಈ ವಾದ ನನ್ನ ಪರವಾಗಿ ನಿಂತಿತ್ತು. ಮೂರನೆಯ ದಿನ ಕುಸಿಯಿತು. ಸಣ್ಣ ಅಕ್ಷರದ ಇಪ್ಪತ್ತು ಪುಟ ನನಗೆ ತಿಳಿಯದೆ ಇರಬಹುದು. ಆದರೆ ರಿಯಾಯಿತಿ ಏಕೆ ಸಿಕ್ಕಿತೆಂದು ಚೆನ್ನಾಗಿ ತಿಳಿದಿತ್ತು. ಲಾಭ ಎಣಿಸಿಕೊಳ್ಳುವಾಗ ಅರ್ಥವಾದದ್ದು, ಬಿಟ್ಟುಕೊಡುವಾಗ ಅರ್ಥವಾಗಲಿಲ್ಲ ಎನ್ನುವುದು ಹೇಗೆ? ಸೀರೆಯನ್ನೂ ಮಡಿಸಿಟ್ಟುಕೊಂಡು ಪಾತ್ರೆಯನ್ನೂ ಒಳಗಿಟ್ಟುಕೊಂಡ ಹಾಗಾಗುತ್ತಿತ್ತು.

ಕಳಚಿದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಪ್ರಾಮಾಣಿಕತೆ ನನ್ನದು, ನಷ್ಟ ಅವಳದು! ನಮ್ಮ ನೇಮನಿಷ್ಠೆಗಳ ಖರ್ಚನ್ನು ಎಷ್ಟೋ ಸಲ ಮನೆಯ ಇತರರು, ಕೈಕೆಳಗಿನವರು ಭರಿಸುತ್ತಾರೆ. ಮಡಿಯುಟ್ಟವರು ಒಬ್ಬರು, ನೀರು ಹೊತ್ತವರು ಇನ್ನೊಬ್ಬರು. ನನ್ನ ಒಳ್ಳೆಯತನಕ್ಕೆ ನಾನೇ ದುಡ್ಡು ಕೊಡಬೇಕು ಎನ್ನಿಸಿತು. ಚೀಟಿಯ ಹಣದಲ್ಲಿ ಒಂದು ಪಾಲನ್ನು ಅವಳ ಮುಂದಿನ ಪರವಾನಗಿಗೆಂದು ಕೊಟ್ಟೆ. ಅದು ಸಾಲುವುದಿಲ್ಲವೆಂದು ಇಬ್ಬರಿಗೂ ಗೊತ್ತು. ಅಲ್ಲಿಯವರೆಗೆ ಇರಲೆಂದು ಹಳೆಯ ಯಂತ್ರಕ್ಕೆ ಇಂಕ್‌ಸ್ಕೇಪ್ ಹಾಕಿಸಿದೆ. ಅದನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದೆಂದು ಬರೆದವರೇ ಒಪ್ಪಿಗೆ ಕೊಟ್ಟಿದ್ದಾರೆ. ಇದು ನಿಜವಾದ ಹೆಪ್ಪು! ಹದಿನೈದು ಸಂಜೆ ಜೊತೆಗೆ ಕುಳಿತು ತಡವರಿಸುತ್ತ ಕಲಿತೆವು.

ಹೊರಡುವ ದಿನ ಕುಂಕುಮ ಇಟ್ಟು ಕಳಿಸಿದೆ. "ನೀವು ಬಹಳ ನೇಮದವರು ಅಕ್ಕಾ" ಎಂದಳು. ಅದು ಮೆಚ್ಚುಗೆಯೋ, ಬೇಸರವೋ? ಕೇಳುವ ಧೈರ್ಯ ನನಗಾಗಲಿಲ್ಲ.