ಅಭಿಮಾನದ ಅಳತೆಗೋಲು

‘ಅಭಿಮಾನ’ ಎಂಬ ಪದಕ್ಕೆ ಒಂದು ವಿಚಿತ್ರ ಗುಣವಿದೆ. ಅದರ ಮೊದಲಿಗೆ ‘ಸ್ವ’ ಸೇರಿದರೆ ಗುಣ, ‘ದುರ್’ ಸೇರಿದರೆ ದೋಷ. ತನ್ನವರನ್ನು ಪ್ರೀತಿಸುವುದು ಮನುಷ್ಯನ ಸಹಜ ಧರ್ಮ. ಆ ಪ್ರೀತಿಯು ಯಾವ ಗೆರೆಯನ್ನು ದಾಟಿದಾಗ ಅಧರ್ಮವಾಗುತ್ತದೆ? ಈ ಪ್ರಶ್ನೆಯನ್ನು ಶಾಸ್ತ್ರಗ್ರಂಥಗಳಲ್ಲಿಯೇ ಅರಸಬೇಕಿಲ್ಲ. ಕೊಲ್ಹಾಪುರದ ಶಾಹೂ ಕ್ರೀಡಾಂಗಣದಲ್ಲಿ ಒಂದು ಸಂಜೆ ಕುಳಿತರೆ ಸಾಕು.

ದೇಶವೆಲ್ಲ ಕ್ರಿಕೆಟ್ಟಿಗೆ ಮನಸೋತಿರುವಾಗಲೂ ಈ ನಗರವು ಫುಟ್‌ಬಾಲನ್ನು ಎದೆಗಪ್ಪಿಕೊಂಡಿದೆ. ಪಾಟಾಕಡೀಲ, ಖಂಡೋಬಾ, ದಿಲಬಹಾರ, ಬಾಲಗೋಪಾಲ ಮೊದಲಾದ ತಂಡಗಳ ಹೆಸರಿನೊಡನೆ ಇಂದಿಗೂ ‘ತಾಲೀಮು’ ಎಂಬ ಮಾತು ಉಳಿದಿದೆ. ಕುಸ್ತಿಯ ಗರಡಿಗಳೇ ಪೇಟೆಪೇಟೆಯ ಫುಟ್‌ಬಾಲ್ ತಂಡಗಳಾಗಿ ಬೆಳೆದವು. ಗಡಹಿಂಗ್ಲಜದಲ್ಲಿಯೂ ಈ ಆಟದ ಒಲವು ಕಡಿಮೆಯಿಲ್ಲ. ಕೊಲ್ಹಾಪುರದ ಅನಿಕೇತ ಜಾಧವ 2017ರಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಭಾರತದ ಪರವಾಗಿ ಆಡಿದ್ದು ಇಡೀ ಜಿಲ್ಲೆಗೆ ಹೆಮ್ಮೆಯ ಸಂಗತಿ. ಆದರೆ ಇದೇ ಅಭಿಮಾನವು ಒಮ್ಮೊಮ್ಮೆ ಹೊಡೆದಾಟಕ್ಕೆ ಇಳಿದುದನ್ನೂ ಊರು ಕಂಡಿದೆ.

ಹಾಗೆಂದು ಅಭಿಮಾನವನ್ನೇ ತೊರೆಯಬೇಕೆ? ಅಮೆರಿಕದ ವಿಶ್ವವಿದ್ಯಾಲಯಗಳಿಗೂ ಇಂಥದೇ ಪ್ರಶ್ನೆ ಎದುರಾಗಿತ್ತು. ಅಲ್ಲಿಯ ಫುಟ್‌ಬಾಲ್ ನಮ್ಮದರಂತಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳನ್ನು ತಳ್ಳಿ ಕೆಡವುತ್ತ ನುಗ್ಗುವ ಆಟ. ಅದರ ಚರಿತ್ರೆಯನ್ನು 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಪಂದ್ಯದಿಂದ ಎಣಿಸುತ್ತಾರೆ. ಕಾಲೇಜಿನ ಕೀರ್ತಿಯ ಹೆಸರಿನಲ್ಲಿ ಆಟವು ಕ್ರಮೇಣ ಕ್ರೂರವಾಗಿ, ಹಲವು ಯುವಕರು ಪ್ರಾಣ ತೆತ್ತರು. 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿದರು. ಆಟವನ್ನೇ ನಿಷೇಧಿಸಬೇಕೆಂಬ ಕೂಗೂ ಇತ್ತು. ಕೊನೆಗೆ ಆಟ ಉಳಿಯಿತು, 1906ರಲ್ಲಿ ನಿಯಮಗಳು ಬದಲಾದವು. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆಯಿತು. ಎದುರುಬದುರು ನಿಂತ ಸಾಲುಗಳ ನಡುವೆ ಚೆಂಡಿನ ಉದ್ದದಷ್ಟು ತೆರಪು ಕಡ್ಡಾಯವಾಯಿತು. ಸಾವುಗಳು ಒಮ್ಮೆಲೇ ನಿಲ್ಲಲಿಲ್ಲ. ನಿಯಮಗಳನ್ನು ಮತ್ತೆ ಮತ್ತೆ ತಿದ್ದಬೇಕಾಯಿತು.

ಆ ಸಣ್ಣ ತೆರಪಿನಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆಯೆಂದು ನನ್ನ ಭಾವನೆ. ಎದುರಿನವನಿಗೆ ನಾವು ಎಷ್ಟು ಜಾಗ ಬಿಟ್ಟಿದ್ದೇವೆ ಎಂಬುದೇ ನಮ್ಮ ಅಭಿಮಾನದ ಅಳತೆಗೋಲು. ಎದುರಾಳಿಯಿಲ್ಲದೆ ಆಟವೇ ಇಲ್ಲ. ನಮ್ಮ ಗೆಲುವಿಗೆ ಬೆಲೆ ತರುವವನೂ ಅವನೇ. ಇಚಲಕರಂಜಿಯ ನೇಕಾರ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಸಿಗೆ ಅಡ್ಡಲಾಗಿ ಹೊಕ್ಕು ಸಾಗಿದಾಗಲೇ ಬಟ್ಟೆ ಹುಟ್ಟುವುದು.

‘ಇಷ್ಟೆಲ್ಲ ವಿವೇಚನೆ ಮಾಡಿದರೆ ಹುರುಪು ಉಳಿದೀತೆ?’ ಎಂದು ತರುಣರು ಕೇಳಬಹುದು. ಬೆಳಗಾವಿ ಜಿಲ್ಲೆಯ ಯಕ್ಸಂಬಾದ ಶ್ರೀಪತಿ ಖಂಚನಾಳೆಯವರು ಕೊಲ್ಹಾಪುರದಲ್ಲಿ ಪಳಗಿ, 1959ರಲ್ಲಿ ಮೊದಲ ಹಿಂದ್ ಕೇಸರಿಯಾದರು. ಅವರ ಗೆಲುವನ್ನು ಈ ನಗರವು ತನ್ನದೆಂದೇ ಎಣಿಸಿತು. ಅದರಿಂದ ಊರಿನ ಅಭಿಮಾನ ಕುಂದಲಿಲ್ಲ, ಹಿಗ್ಗಿತು.

ಮರಾಠಿ ನೆರೆಹೊರೆಯಲ್ಲಿ ಬಾಳುತ್ತಿರುವ ಕನ್ನಡಿಗರಾದ ನಾವು ನಮ್ಮ ನುಡಿಯ ಅಭಿಮಾನವನ್ನೂ ಇದೇ ಕೋಲಿನಿಂದ ಅಳೆದುಕೊಳ್ಳಬೇಕು. ಮನೆಯಲ್ಲಿ ಮಕ್ಕಳಿಗೆ ತಪ್ಪದೆ ಕನ್ನಡ ಕಲಿಸೋಣ. ಎದುರು ತಂಡದ ಹುಡುಗ ಒಳ್ಳೆಯ ಗೋಲು ಹೊಡೆದಾಗ ಚಪ್ಪಾಳೆ ತಟ್ಟುವುದನ್ನೂ ಕಲಿಸೋಣ.